ಟಿಣ್ ಎಂದ ಜಾಗ

ಆ ಶುಕ್ರವಾರ ಬೆಳಗ್ಗೆ ನೊರ್ಬರ್ಟ್ ಡಿಸೋಜ ಗಡ್ಡ ಹೆರೆಯುತ್ತ, ಕನ್ನಡಿಯೊಳಗಿನ ಮನುಷ್ಯನಿಗೆ ಹದಿನಾರನೆಯ ಸುಳ್ಳು ಹೇಳಿ ನೋಡೋಣವೆಂದು ಬಾಯಿ ತೆರೆದವನು ಸೋಪಿನ ನೊರೆ ನುಂಗಿದ. ಮೂವತ್ತೊಂದು ವರ್ಷಗಳಲ್ಲಿ ಒಂದೇ ಪ್ರಶ್ನೆಗೆ ಅವನು ಹದಿನೈದು ಉತ್ತರ ಕೊಟ್ಟಿದ್ದ, ಹದಿನೈದೂ ಒಂದಕ್ಕಿಂತ ಒಂದು ಚಂದ. ಪ್ರಶ್ನೆ ಇಷ್ಟೆ: ಆ ಟಿಣ್ ಹೇಗೆ ಬಂತು? ಗೆಳೆಯ ಬಾಸಿಲ್ ಹಾಡಿದ್ದ ಕೊಂಕಣಿ ಕ್ಯಾಸೆಟ್ಟು, ಎ ಬದಿಯ ಮೂರನೆಯ ಹಾಡು, ಹಾಡಿನ ನಡುವೆ ಇಲೆಕ್ಟ್ರಿಕ್ ಗಿಟಾರು ಒಂಟಿಯಾಗಿ ಎದ್ದು ನಿಲ್ಲುವ ಒಂದು ತುಣುಕು, ಆ ತುಣುಕಿನ ನಟ್ಟನಡುವೆ ಗಿಟಾರು ಉಸಿರು ಕಟ್ಟಿದಂತೆ ನಿಂತ ಒಂದು ಕ್ಷಣ, ಆ ಕ್ಷಣದಲ್ಲಿ ಟಿಣ್. ಅಷ್ಟೆ. ಆ ಅಷ್ಟೆಯ ಮೇಲೆ ನೊರ್ಬರ್ಟ್ ಏಳು ಮಾಳಿಗೆ ಕಟ್ಟಿದ್ದ. ಕ್ಯಾಸೆಟ್ಟು ಹತ್ತು ಲಕ್ಷ ಮಾರಿತ್ತು. ಇದು ಅವನ ಲೆಕ್ಕ, ಬಾಸಿಲ್‌ನನ್ನು ಕೇಳಿದರೆ ಎಂಟುನೂರು ಅನ್ನುತ್ತಿದ್ದ. ಮಂಗಳೂರಿನಿಂದ ಕುವೈತಿನವರೆಗೆ ಯಾವ ಮದುವೆ ಹಾಲಿನಲ್ಲಿ ಆ ಹಾಡು ಬಂದರೂ ಗಿಟಾರಿನವನು ಅಲ್ಲಿಗೆ ಬಂದೊಡನೆ ಕೈ ಎತ್ತಿ ನಿಲ್ಲುತ್ತಾನೆ, ಊಟಕ್ಕೆ ಕೂತವರೆಲ್ಲ ಚಮಚದಿಂದ ಗ್ಲಾಸಿಗೆ ಹೊಡೆಯುತ್ತಾರೆ. ಇದು ಮಾತ್ರ ಸುಳ್ಳಲ್ಲ. ಮಸ್ಕತಿನ ವಾದಿ ಅದಾಯ್‌ಯ ಬಿಡಿಭಾಗದ ಅಂಗಡಿಯಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಸ್ಟೋರ್‌ಕೀಪರ್, ಮೊನ್ನೆ ಬಂದ ಮೀಸೆ ಮೂಡದ ಮ್ಯಾನೇಜರ್ ಅವನನ್ನು ‘ಯೂ’ ಎಂದು ಕರೆಯುತ್ತಾನೆ. ಆದರೆ ಸಂಜೆ ರುವಿಯ ರಸ್ತೆಗೆ ಇಳಿದರೆ ಅವನು ಟಿಣ್ ನೊರ್ಬರ್ಟ್. ಎದುರಾದ ಊರಿನವರು ಕೈಯಲ್ಲಿದ್ದ ಕೀಲಿಯಿಂದ ಲೈಟುಕಂಬಕ್ಕೆ ಒಂದು ತಟ್ಟಿ ನಕ್ಕು ಹೋಗುತ್ತಾರೆ. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು? ಎರಡು ತಿಂಗಳಲ್ಲಿ ವೀಸಾ ಮುಗಿಯುತ್ತದೆ, ವೀಸಾ ಕೊಟ್ಟ ಅರಬ್ ಧಣಿ ಕಫೀಲ್ ಕೈಕುಲುಕಿ ಖಲಾಸ್ ಅಂದಿದ್ದಾನೆ, ಊರಿಗೆ ಕೊಂಡುಹೋಗಲು ಎರಡು ಕಬ್ಬಿಣದ ಪೆಟ್ಟಿಗೆ ಮತ್ತು ಒಂದು ಟಿಣ್. ಇವತ್ತು ನಾಲ್ಕು ಗಂಟೆಗೆ ಇಲ್ಲಿಯ ಕೊಂಕಣಿಗರ ಸಂಘದ ವಾರ್ಷಿಕೋತ್ಸವದಲ್ಲಿ ಅದಕ್ಕೇ ಶಾಲು ಹೊದಿಸುತ್ತಾರೆ. ಮತ್ತೆ ಹದಿನಾರನೆಯದು ಯಾಕೆ ಬಾಯಿಗೆ ಬರಲೊಲ್ಲದು? ಬಾರದ್ದು ನಿನ್ನೆಯಿಂದ.

ನಿನ್ನೆ ಸಂಜೆ ಮೂರನೆಯ ಮಾಳಿಗೆಯ ಶೆರ್ಲಿನ್ ಲ್ಯಾಪ್‌ಟಾಪು ಎದೆಗೆ ಅವಚಿಕೊಂಡು ಬಂದಿದ್ದಳು. ಮಸ್ಕತಿನಲ್ಲೇ ಹುಟ್ಟಿದ ಹುಡುಗಿ, ಇಪ್ಪತ್ತಮೂರು ವರ್ಷ, ಯೂತ್ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಾಳೆ, ಕನ್ನಡ ಕೊಂಕಣಿ ಇಂಗ್ಲಿಷು ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಉಣ್ಣುವವಳು. ವಾರ್ಷಿಕೋತ್ಸವದಲ್ಲಿ ಇಲೆಕ್ಟ್ರಿಕ್ ಗಿಟಾರಿನ ಹೆಂಗಸರ ಬಗ್ಗೆ ಅವಳು ಚಿತ್ರ ತೋರಿಸಿ ಮಾತಾಡಲಿದ್ದಾಳೆ. ಹದಿನೈದು ನಿಮಿಷ ಕೊಟ್ಟಿದ್ದಾರೆ, ಅವಳು ಕೇಳಿದ್ದು ಒಂದು ಗಂಟೆ. ಅದು ಮುಗಿದ ಮೇಲೆ ನೊರ್ಬರ್ಟ್‌ಗೆ ಸನ್ಮಾನ. ಅದಕ್ಕೆಂದು ಹಳೆ ಕ್ಯಾಸೆಟ್ಟನ್ನು ಯಾವುದೋ ಸಾಫ್ಟ್‌ವೇರಿಗೆ ಹಾಕಿ ಗರಗರ ಎಲ್ಲ ತೊಳೆದು ತಂದಿದ್ದಳು.

“ಅಂಕಲ್, ಇದು ಕೇಳಿ. ಹೆಡ್‌ಫೋನ್ ಹಾಕಿ. ಗಿಟಾರಿನ ಹಿಂದೆ ಒಂದು ಸೌಂಡ್ ಉಂಟು. ಪೂರಾ ಸೋಲೋದಲ್ಲಿ ಉಂಟು, ಕಿಣಿಕಿಣಿ ಅಂತ. ಕೈ ಮೂವ್ ಆದಾಗ ಬರ್ತದೆ, ನಿಂತಾಗ ನಿಲ್ತದೆ.”

ಅವನು ಹಾಕಿಕೊಂಡ. ಮೂವತ್ತೊಂದು ವರ್ಷದ ಧೂಳು ಕಿವಿಯಿಂದ ಎದ್ದುಹೋಯಿತು. ಗಿಟಾರು ಅಲ್ಲೇ, ಹಮ್ರಿಯಾದ ಇದೇ ಮನೆಯ ಇದೇ ಹಾಲಿನಲ್ಲಿ, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಹಾಡುತ್ತಿತ್ತು. ಅದರ ಬೆನ್ನಿಗೆ, ನೀರಿನಲ್ಲಿ ಸಣ್ಣ ಮೀನುಗಳ ಗುಂಪು ತಿರುಗಿದ ಹಾಗೆ, ಗಾಜು.

“ಇದು ಬಳೆ ಅಲ್ವಾ ಅಂಕಲ್? ಗ್ಲಾಸ್ ಬ್ಯಾಂಗಲ್ಸ್. ಯಾರ ಕೈ ಇದು?”

“ಗೆಜ್ಜೆ ಮಗಾ, ಗೆಜ್ಜೆ,” ಅಂದ ನೊರ್ಬರ್ಟ್. ನಾಲಿಗೆ ಅವನನ್ನು ಕೇಳದೆ ಹೊರಟಿತ್ತು. “ನಾನು ಬಲಗೈಗೆ ಗೆಜ್ಜೆ ಕಟ್ಟಿದ್ದೆ. ನಲ್ವತ್ತು ಗೆಜ್ಜೆ. ಎಫೆಕ್ಟಿಗೆ. ಆಗ ಇಡೀ ಗಲ್ಫಲ್ಲೇ ಯಾರೂ ಮಾಡಿರ್ಲಿಲ್ಲ.”

ಅಡುಗೆಮನೆಯಲ್ಲಿ ಬಂಗುಡೆ ಮಗುಚುತ್ತಿದ್ದ ಹೆಂಡತಿ ಪ್ಯಾಟ್ರಿಷಿಯಾಳ ಸಟ್ಟುಗ ನಿಂತಿತು. ಒಂದು, ಎರಡು, ಮೂರು. ಮತ್ತೆ ಮಗುಚಿತು. ಶೆರ್ಲಿನ್ ಅವನ ಮುಖವನ್ನೂ ಅಡುಗೆಮನೆಯ ಬಾಗಿಲನ್ನೂ ನೋಡಿ, “ಓಕೆ, ಗೆಜ್ಜೆ,” ಎಂದು ಲ್ಯಾಪ್‌ಟಾಪು ಮುಚ್ಚಿದಳು. ಆ ಓಕೆಯಲ್ಲಿ ಒಂದು ಮುಳ್ಳಿತ್ತು. ರಾತ್ರಿ ಊಟದ ಮೀನಿನಲ್ಲಿ ಸಿಗದ ಮುಳ್ಳು ಅವನ ಗಂಟಲಿನಲ್ಲಿ ಈಗಲೂ ಇತ್ತು, ನೊರೆಯ ಜೊತೆಗೂ ಇಳಿಯಲಿಲ್ಲ.

ಮೂವತ್ತೊಂದು ವರ್ಷ ಹಿಂದಿನ ಆ ಶುಕ್ರವಾರವೂ ಹೀಗೇ ಸೆಕೆ, ಎಪ್ಪತ್ತು ಡಿಗ್ರಿ ಇದ್ದಿರಬೇಕು, ಕಾಗೆಗಳು ರೆಕ್ಕೆ ಬಿಟ್ಟು ನಡೆದು ಹೋಗುತ್ತಿದ್ದವು. ಬಾಸಿಲ್ ಹಾಡು ಹಾಡಿ ಮುಗಿಸಿ, ಬಾಡಿಗೆಗೆ ತಂದ ರೆಕಾರ್ಡಿಂಗ್ ಯಂತ್ರವನ್ನು ನೊರ್ಬರ್ಟ್‌ನ ಮನೆಯಲ್ಲಿಟ್ಟು, “ನಿನ್ನ ಗಿಟಾರು ಒಂದು ಬಾಕಿ, ಆರು ಗಂಟೆಗೆ ಯಂತ್ರ ವಾಪಸು ಕೊಡ್ಬೇಕು” ಎಂದು ಬುರೈಮಿಗೆ ಹೋಗಿದ್ದ. ಗಿಟಾರಿನ ಸ್ವರ ಹೊರಬರುವ ಡಬ್ಬಿಯ ಎದುರು ಸ್ಟೂಲಿನ ಮೇಲೆ ಒಂದೇ ಒಂದು ಮೈಕು. ನೊರ್ಬರ್ಟ್ ಬೆಳಗ್ಗಿನಿಂದ ನುಡಿಸಿದ, ನಾನೂರು ಸಲ ನುಡಿಸಿದ, ಪ್ರತಿ ಸಲವೂ ನಡುವಿನ ಏರಿನಲ್ಲಿ ಬೆರಳು ಎಡವಿತು. ಮದುವೆಯಾಗಿ ಇಪ್ಪತ್ತೆರಡು ದಿನದ ಹೆಂಡತಿ ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತಿದ್ದಳು, ಪ್ರತಿ ಸಲ ಅವನು ಎಡವಿದಾಗಲೂ ಅವಳ ಬೆರಳು ಅಕ್ಕಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಅದನ್ನು ಆಗಲೇ ನೋಡಿದ್ದನೋ, ಆಮೇಲೆ ನೆನಪಿನೊಳಗೆ ಸೇರಿಸಿದನೋ, ಈಗ ಹೇಳಲಾರ. ಸಿಟ್ಟಿನಲ್ಲಿ ಯಂತ್ರವನ್ನೂ ನಿಲ್ಲಿಸದೆ ಗಿಟಾರು ಸೋಫಾಕ್ಕೆ ಎಸೆದು ಖುಬ್ಬೂಸ್ ರೊಟ್ಟಿ ತರಲು ಹೋದ. ವಾಪಸು ಬರುವಾಗ ಮೆಟ್ಟಿಲಲ್ಲಿ, ಎರಡನೆಯ ಮಾಳಿಗೆಯ ತಿರುವಿನಲ್ಲಿ, ಯಾರದೋ ಮನೆಯ ರೇಡಿಯೋ ಎಂದು ಅವನು ನಿಂತ. ಬಿಸಿ ರೊಟ್ಟಿಯ ಚೀಲ ಎದೆಗೆ ಒತ್ತಿ ಅಂಗಿಯೊಳಗೆ ಚರ್ಮ ಸುಡುತ್ತಿತ್ತು, ಸರಿಸಲಿಲ್ಲ. ಅದು ಅವನದೇ ರಾಗ, ಆದರೆ ಅವನು ಬಾವಿಯ ಕಟ್ಟೆಯಲ್ಲಿ ನಿಂತು ಇಣುಕಿದ್ದರೆ ಇದು ನೀರಿನೊಳಗಿಂದ ಎದ್ದು ಬರುತ್ತಿತ್ತು. ಏರಿಗೆ ಬಂತು, ಏರಿತು, ಎಡವಲಿಲ್ಲ, ಆಮೇಲೆ ಟಿಣ್, ಒಂದು ಉಸಿರಿನಷ್ಟು ಖಾಲಿ, ಮತ್ತೆ ಏನೂ ಆಗದವರ ಹಾಗೆ ಮುಂದೆ ಹೋಗಿ ಮುಗಿಯಿತು. ಬಾಗಿಲು ತೆರೆದರೆ ಪ್ಯಾಟ್ರಿಷಿಯಾ ಸೋಫಾದ ತುದಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಅವನ ಗಿಟಾರು. ಬಲಗೈಯ ಮಣಿಕಟ್ಟಿನಿಂದ ಸಣ್ಣಗೆ ರಕ್ತ, ನೆಲದ ಮೇಲೆ ಹಸಿರು ಬಳೆಯ ಎರಡು ಚೂರು. ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.

“ತಪ್ಪಾಯ್ತು,” ಅಂದಿದ್ದಳು. “ಒಂದು ಸಲ ನೋಡುವಾ ಅಂತ ಕಂಡಿತು. ಬಳೆ ತುಂಡಾಯ್ತು. ಅಲ್ಲೊಂದು ಹೋಯ್ತು.”

ಅಲ್ಲೊಂದು ಏನು ಹೋಯಿತು ಎಂದು ಅವನು ಕೇಳಲಿಲ್ಲ. ಬಳೆ ಎಂದುಕೊಂಡ.

ಬಳೆ ಸಾಧಾರಣ ಬಳೆಯಲ್ಲ, ಚುಡೊ. ಮದುವೆಗೆ ಮೊದಲು ಮದುಮಗಳನ್ನು ಸೋದರಮಾವನ ಮನೆಯಲ್ಲಿ ಕೂರಿಸಿ ಎರಡು ಕೈಗೂ ತುಂಬುವ ಹಸಿರು, ಹಳದಿ, ಕೆಂಪು ಗಾಜಿನ ಬಳೆಗಳು. ತೆಗೆಯುವ ಹಾಗಿಲ್ಲ, ಕೆಲಸ ಮಾಡುತ್ತ ಮಾಡುತ್ತ ಅವಾಗಿಯೇ ಒಂದೊಂದಾಗಿ ಒಡೆದು ಹೋಗಬೇಕು. ಗಂಡ ಸತ್ತರೆ ಮಾತ್ರ ಬೇಕೆಂದೇ ಒಡೆಯುವುದು. ಹಾಗಾಗಿ ತೌರಿನ ಚರ್ಚಿನಲ್ಲಿ ಹಾಡಿಗೆ ಗಿಟಾರು ನುಡಿಸಿ ಕಲಿತಿದ್ದ ಅವಳು ಈಗ ಅದನ್ನು ಹಿಡಿದರೆ ಬಳೆಗಳ ಜೊತೆಗೇ ಹಿಡಿಯಬೇಕಿತ್ತು. ಆಗ ಮಾಂಯ್, ಅಂದರೆ ನೊರ್ಬರ್ಟ್‌ನ ತಾಯಿ, ವಿಸಿಟ್ ವೀಸಾದಲ್ಲಿ ಬಂದಿದ್ದರು, ಇಗರ್ಜಿಯ ಪೂಜೆಗೆ ಹೋಗಿದ್ದರು, ನಾಲ್ಕು ಗಂಟೆಗೆ ಬರುವವರಿದ್ದರು. ಮಾಂಯ್ ಸೊಸೆಯ ಬಳೆಗಳನ್ನು ದಿನವೂ ಕಣ್ಣಿನಲ್ಲಿ ಎಣಿಸುತ್ತಿದ್ದರು. ಪಾತ್ರೆ ತಿಕ್ಕುವಾಗ ಒಡೆದರೆ ಅದು ಬಾಳ್ವೆ. ಕ್ಲಬ್ಬಿನ ಗಂಡಸರ ಹಾಗೆ ವಯರಿನ ಗಿಟಾರು ಬಾರಿಸಿ ಒಡೆದರೆ ಅದು ಮಗನ ಆಯುಸ್ಸಿಗೆ ಪೆಟ್ಟು. “ಪಾತ್ರೆ ತಿಕ್ಕುವಾಗ ಅಂತ ಹೇಳು,” ಅಂದವನು ನೊರ್ಬರ್ಟ್. “ನುಡಿಸಿದ್ದು ನಾನು. ಟಿಣ್ ಅಂದದ್ದು ಚಮಚ.” ಅದು ಮೊದಲನೆಯ ಸುಳ್ಳು. ಅದನ್ನು ಅವನು ಕೊಡೆಯ ಹಾಗೆ ಅವಳ ತಲೆಯ ಮೇಲೆ ಹಿಡಿದಿದ್ದ, ದೇವರಾಣೆಗೂ ಹಾಗೇ ಹಿಡಿದಿದ್ದ. ಆಮೇಲೆ ಕ್ಯಾಸೆಟ್ಟಿನ ಕಾಗದದ ಮೇಲೆ ಗಿಟಾರ್: ನೊರ್ಬರ್ಟ್ ಎಂದು ಬಂತು. ಆಮೇಲೆ ಮೊದಲನೆಯ ಮನುಷ್ಯ ರುವಿಯಲ್ಲಿ ಕೈಕುಲುಕಿದ. ಕೊಡೆ ಯಾವಾಗ ಮಡಚಿ ಬೆತ್ತವಾಯಿತೋ, ಬೆತ್ತ ಯಾವಾಗ ರಾಜದಂಡವಾಯಿತೋ. ಮಾಂಯ್ ತೀರಿಹೋಗಿ ಹನ್ನೆರಡು ವರ್ಷ. ಮಣ್ಣು ಹಾಕಿ ಕೈ ಒರೆಸಿಕೊಳ್ಳುತ್ತ, ಇನ್ನು ಹೇಳಬಹುದು ಎಂದುಕೊಂಡಿದ್ದ, ನಿಜವಾಗಿ ಎಂದುಕೊಂಡಿದ್ದ. ಗೋರಿಗಳ ಸಿಮಿತ್ರಿಯ ಗೇಟಿನಲ್ಲೇ ಬಹರೇನಿನಿಂದ ಬಂದ ಯಾರೋ ಅವನನ್ನು ತಬ್ಬಿ, “ಸಾರಿ ಹಾಂ ಅಮ್ಮನ ವಿಷಯ. ನೀವೇ ಅಲ್ವಾ ಟಿಣ್?” ಅಂದ. ನೊರ್ಬರ್ಟ್ ಹೌದು ಅಂದ. ಕಣ್ಣಲ್ಲಿ ನೀರಿಟ್ಟುಕೊಂಡು ಹೌದು ಅಂದ.

“ಕೇಳ್ತಾ? ಅಂಗಿ ಇಸ್ತ್ರಿ ಆಯ್ತು.” ಪ್ಯಾಟ್ರಿಷಿಯಾ ಬಾಗಿಲಲ್ಲಿ ನಿಂತಿದ್ದಳು. ನೋಹನ ನಾವೆಯಿಂದ ಇಳಿಸಿಕೊಂಡ ಎಸಿ ಅವಳ ಹಿಂದೆ ಕೆಮ್ಮುತ್ತಿತ್ತು. “ಎಂತ, ಕನ್ನಡಿಯ ಹತ್ರ ಭಾಷಣವಾ?”

“ಪ್ಯಾಟ್ರಿಷಿಯಾ.”

“ಎಂತ?”

“ನಿನ್ನೆ ಶೆರ್ಲಿನ್ ಹೇಳಿದ್ದು...”

“ಕಾಲರ್ ಎತ್ತಿ. ನೊರೆ ತಾಗ್ತದೆ.” ಅವಳು ಅಂಗಿಯ ಗುಂಡಿ ಹಾಕಿದಳು, ಕೆಳಗಿನಿಂದ ಮೇಲಕ್ಕೆ, ಯಾವಾಗಿನ ಹಾಗೆ. ಮಣಿಕಟ್ಟಿನ ಒಳಗೆ ಅಕ್ಕಿಕಾಳಿನಷ್ಟು ಬಿಳಿ ಗೆರೆ. “ನಲ್ವತ್ತು ಗೆಜ್ಜೆ ಅಂದ್ರಲ್ಲ ಮಾರಾಯ್ರೆ, ನಲ್ವತ್ತು ಕಟ್ಟಿದ್ರೆ ಕೈ ಎತ್ಲಿಕ್ಕೆ ಆಗ್ತದಾ? ಹತ್ತು ಹೇಳಿದ್ರೆ ಸಾಕಿತ್ತು.” ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಎನ್ನುವ ಹಾಗೆ ಹೇಳಿ ಒಳಗೆ ಹೋದಳು. ಇದಕ್ಕಿಂತ ಅವಳು ಬೈದಿದ್ದರೆ, ತಟ್ಟೆ ಎಸೆದಿದ್ದರೆ. ಮದುವೆಯಾದ ಎರಡನೆಯ ವರ್ಷ ಮನೆ ತುಂಬ ಜನ ಇದ್ದಾಗ ಅವಳು ಗೋಡೆಯ ಗಿಟಾರನ್ನು ತೆಗೆದು ಮಡಿಲಿಗೆ ಇಟ್ಟುಕೊಂಡಿದ್ದಳು, ಬೆರಳು ತಂತಿಯ ಹತ್ತಿರ ಹೋಗಿತ್ತು. ಅವನು ದೊಡ್ಡಕ್ಕೆ, “ನೋಡಿ, ನನ್ನ ಗಿಟಾರು ಒರೆಸುವ ಡ್ಯೂಟಿ ಇವಳದ್ದು!” ಎಂದು ನಗಿಸಿದ್ದ. ಅವಳು ಸೆರಗಿನಿಂದ ಅದನ್ನು ಚೆನ್ನಾಗಿ ಒರೆಸಿ ಮೊಳೆಗೆ ತೂಗುಹಾಕಿದ್ದಳು. ಅಂದಿನಿಂದ ಅವಳ ಕೈಯಲ್ಲಿ ಅವನು ಗಿಟಾರು ನೋಡಿದ್ದು ಒರೆಸುವ ಬಟ್ಟೆಯ ಜೊತೆಗೆ ಮಾತ್ರ. ಒಂದೇ ಒಂದು ಸಂಗತಿ: ಗಿಟಾರಿನ ಚರ್ಮದ ಪಟ್ಟಿಯನ್ನು ಅವನು ನಾಲ್ಕನೆಯ ತೂತಿಗೆ ಹಾಕುವವನು, ಎಷ್ಟೋ ಸಂಜೆ ಕೆಲಸದಿಂದ ಬಂದು ತೆಗೆದರೆ ಅದು ಒಂದನೆಯ ತೂತಿನಲ್ಲಿರುತ್ತಿತ್ತು. ಮಸ್ಕತಿನ ಸೆಕೆಗೆ ಚರ್ಮ ಕುಗ್ಗುತ್ತದೆ ಎಂದು ಅವನು ನಂಬಿದ್ದ, ನಾಲ್ಕು ಜನಕ್ಕೆ ಅದನ್ನು ವಿಜ್ಞಾನ ಎಂದು ವಿವರಿಸಿಯೂ ಇದ್ದ. ನಂಬಿದ್ದ ಅಂತಲ್ಲ, ನಂಬಲಿಕ್ಕೆ ಅನುಕೂಲವಾಗಿತ್ತು.

ರುವಿಯ ಹೋಟೆಲೊಂದರ ಹಾಲಿನಲ್ಲಿ ಐದು ಸಾವಿರ ಜನ. ಮೇಜುಗಳ ಮೇಲೆ ಚಹಾದ ಗ್ಲಾಸು, ಪ್ರತಿ ಗ್ಲಾಸಿಗೆ ಒಂದು ಚಮಚ; ಬೇಕೆಂದೇ ಇಟ್ಟದ್ದು. ಅಧ್ಯಕ್ಷ ಜೋಸ್ಟನ್ ಟೈ ಕಟ್ಟಿ ಬೆವರುತ್ತ ಓಡಾಡುತ್ತಿದ್ದ. ದೀಪ ಆರಿಸಿ ಶೆರ್ಲಿನ್‌ಳ ಚಿತ್ರ ಶುರುವಾಯಿತು. ಮೊದಲು ಕಪ್ಪು ಬಿಳುಪಿನಲ್ಲಿ ಒಬ್ಬ ಕರಿಯ ಹೆಂಗಸು, ಮೇಲಂಗಿ ತೊಟ್ಟು, ಇಗರ್ಜಿಗೆ ಹೊರಟ ಆಂಟಿಯ ಹಾಗೆ ನಿಂತು, ಕೊರಳಲ್ಲಿ ಇಲೆಕ್ಟ್ರಿಕ್ ಗಿಟಾರು. ದೇವರ ಹಾಡು ಹಾಡುತ್ತ ಹಾಡುತ್ತ ಅವಳು ತಂತಿಗೆ ಕೈ ಹಾಕಿದಳು, ನೊರ್ಬರ್ಟ್‌ನ ಕತ್ತಿನ ಹಿಂದಿನ ರೋಮ ಒಂದೂ ಬಿಡದೆ ಎದ್ದು ನಿಂತಿತು. “ನಾವು ರಾಕ್ ಅಂತೇವಲ್ಲ, ಅದು ಹುಟ್ಟುವ ಮೊದಲೇ ಇವರು ಹೀಗೆ ನುಡಿಸ್ತಿದ್ರು,” ಎಂದಳು ಶೆರ್ಲಿನ್. ಆಮೇಲೆ ಸ್ಟುಡಿಯೋದಲ್ಲಿ ಕನ್ನಡಕ ಹಾಕಿ ಕೂತ ಇನ್ನೊಬ್ಬಳು: ನೂರಾರು ರೆಕಾರ್ಡಿನಲ್ಲಿ ಇವರ ಕೈ ಉಂಟು, ರೆಕಾರ್ಡಿನ ಕವರಿನಲ್ಲಿ ಹೆಸರಿಲ್ಲ. ಆಮೇಲೆ ಒಂದು ಕಾರ್ಖಾನೆ, ಸಾಲಾಗಿ ಕೂತ ಹೆಂಗಸರು, ಕೂದಲಿಗಿಂತ ಸಪೂರದ ತಾಮ್ರದ ತಂತಿಯನ್ನು ಅಯಸ್ಕಾಂತಕ್ಕೆ ಸುತ್ತುತ್ತಿರುವವರು. “ಗಿಟಾರಿನ ಸ್ವರ ಹಿಡಿಯುವುದು ಇದು. ಸಾವಿರಾರು ಸುತ್ತು. ಕೆಲವರು ಸುತ್ತಿ ಆದ ಮೇಲೆ ಒಂದು ಚೂರು ಟೇಪಿನ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದು ಒಳಗೆ ಅಂಟಿಸ್ತಿದ್ರು. ಗಿಟಾರು ಬಿಚ್ಚಿದ್ರೆ ಮಾತ್ರ ಕಾಣ್ತದೆ.” ಸಾವಿರಾರು ಸುತ್ತು! ನೊರ್ಬರ್ಟ್ ಉತ್ಪ್ರೇಕ್ಷೆಯ ವಿಷಯದಲ್ಲಿ ಯಾರಿಗೂ ಸೋತವನಲ್ಲ, ಆದರೆ ಇದಕ್ಕೆ ಸೇರಿಸಲು ಅವನಲ್ಲಿ ಏನೂ ಇರಲಿಲ್ಲ. ಜಗತ್ತಿನಲ್ಲಿ ಯಾವನೋ ಗಂಡಸು ಬೆವರಿ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಎಸೆದು ಬಾರಿಸಿದ್ದೆಲ್ಲ ಒಳಗೆ ಯಾರೋ ಒಬ್ಬಳು ತಲೆ ತಗ್ಗಿಸಿ ಸುತ್ತಿದ ತಂತಿಯನ್ನು ಹಾದೇ ಬರಬೇಕಿತ್ತು. ಕೊನೆಯ ಚಿತ್ರ ಖಾಲಿ. ಬರೀ ಬೆಳಕು.

“ಇದು ನಮ್ಮವರಿಗೆ ಇಟ್ಟದ್ದು,” ಎಂದಳು ಶೆರ್ಲಿನ್. “ಕೊಂಕಣಿ ಕ್ಯಾಸೆಟ್ಟಿನಲ್ಲಿ ಇಲೆಕ್ಟ್ರಿಕ್ ಗಿಟಾರು ನುಡಿಸಿದ ಹೆಂಗಸರು. ನಾನು ನೂರ ಹತ್ತು ಕ್ಯಾಸೆಟ್ ನೋಡಿದೆ. ಯಾರ ಹೆಸರೂ ಸಿಗ್ಲಿಲ್ಲ.” ಅವಳು ನೊರ್ಬರ್ಟ್ ಕಡೆ ತಿರುಗಲಿಲ್ಲ. ಅದು ಅವಳ ಮರ್ಯಾದೆ. ಬಿಳಿ ಬೆಳಕು ಮೂರನೆಯ ಸಾಲಿನವರೆಗೆ ಚೆಲ್ಲಿತ್ತು, ಅಲ್ಲಿ ಪ್ಯಾಟ್ರಿಷಿಯಾ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಆ ಖಾಲಿಯನ್ನು ನೋಡುತ್ತಿದ್ದಳು, ವಾಷಿಂಗ್ ಮೆಷಿನಿನ ಗಾಜಿನೊಳಗೆ ಬಟ್ಟೆ ತಿರುಗುವುದನ್ನು ನೋಡುವಾಗಿನ ಅದೇ ಮುಖ, ಇನ್ನೂ ಹೊತ್ತುಂಟು, ಕಾಯುವಾ ಎನ್ನುವ ಮುಖ. ಎರಡು ತಿಂಗಳು. ಆಮೇಲೆ ಊರಿನಲ್ಲಿ ಟಿಣ್ ನೊರ್ಬರ್ಟ್ ಒಂದು ದಿನ ಸಾಯುತ್ತಾನೆ, ಪೆಟ್ಟಿಗೆಯ ಮೇಲೆ ಜನ ಚಮಚ ತಟ್ಟುತ್ತಾರೆ, ಅವಳು ಪಕ್ಕದಲ್ಲಿ ನಿಂತು ಇದೇ ಮುಖದಿಂದ ಕೇಳುತ್ತಾಳೆ.

ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಗಾಜಿನೊಳಗೆ ಹಿತ್ತಾಳೆಯ ಗಿಟಾರಿರುವ ಫಲಕ ಬಂತು. ಜೋಸ್ಟನ್ ಮೈಕಿನಲ್ಲಿ, “ನೊರ್ಬರ್ಟ್‌ಬಾಬ್ ಒಂದು ಸಲ ಟಿಣ್ ಅಂದ್ರು, ಮೂವತ್ತೊಂದು ವರ್ಷ ನಮ್ಮ ಕಿವಿ ಇನ್ನೂ ರಿಪೇರಿ ಆಗಿಲ್ಲ!” ಎಂದ. ಚಪ್ಪಾಳೆ. ನೊರ್ಬರ್ಟ್ ಮೈಕು ಹಿಡಿದ. ಎದುರಿಗೆ ಕತ್ತಲಲ್ಲಿ ಚಮಚಗಳು ಮಿನುಗುತ್ತಿದ್ದವು.

“ಅದನ್ನು ನಾನು ನುಡಿಸಿದ್ದಲ್ಲ,” ಅಂದ. “ನನ್ನ ಹೆಂಡತಿ ನುಡಿಸಿದ್ದು.”

ಎದುರಿನ ಮೇಜಿನವನು ಎತ್ತಿದ್ದ ಚಮಚ ಇಳಿಸಿದ. ಮತ್ತೆ ಮೂಲೆಯಿಂದ ಯಾರೋ ಸೀಟಿ ಹಾಕಿದರು, ನಗು ಮೇಜಿನಿಂದ ಮೇಜಿಗೆ ಹೊತ್ತಿಕೊಂಡಿತು. “ಹದಿನಾರನೇದು!” ಎಂದು ಒಬ್ಬ ಕೂಗಿದ. ಅಂದರೆ ಅವರು ಎಣಿಸಿದ್ದರು. ಅವರಿಗೆ ಗೊತ್ತಿತ್ತು, ಮೊದಲಿನಿಂದಲೂ, ಅವನು ಕೊಚ್ಚುತ್ತಾನೆ ಎಂದು. ಪ್ರೀತಿಯಿಂದ ಎಣಿಸುತ್ತ ಬಂದಿದ್ದರು. ನೊರ್ಬರ್ಟ್ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ.

“ದೇವರಾಣೆ. ಅದು ಅವಳ ಚುಡೊ. ಬಳೆ ಒಡೆದದ್ದು. ನಾನು ಖುಬ್ಬೂಸ್ ತರ್ಲಿಕ್ಕೆ ಹೋಗಿದ್ದೆ.”

ಖುಬ್ಬೂಸ್ ಎಂದಾಗ ಜನ ಮೇಜು ಬಡಿದು ನಕ್ಕರು. ಜೋಸ್ಟನ್ ಕಣ್ಣು ಒರೆಸಿಕೊಳ್ಳುತ್ತ, “ಸಾಕು ಮಾರಾಯ್ರೆ, ಹೊಟ್ಟೆ ನೋವಾಗ್ತದೆ. ಯಲ್ಲಾ, ಈಗ ನುಡಿಸಿ,” ಎಂದು ಅವನ ಗಿಟಾರನ್ನು ತಂದು ಕೊರಳಿಗೆ ಹಾಕಿದ. ನೊರ್ಬರ್ಟ್ ಅಲ್ಲಿ ನಿಂತಿದ್ದ, ಶಾಲು ಜಾರುತ್ತಿತ್ತು. ಜೀವಮಾನದಲ್ಲಿ ಒಂದು ಸಲ ಏನೂ ಸೇರಿಸದೆ ಒಂದು ಮಾತು ಹೇಳಿದ್ದ, ಅದನ್ನು ಇಟ್ಟುಕೊಳ್ಳಲು ಆ ಹಾಲಿನಲ್ಲಿ ಒಬ್ಬರ ಬಳಿಯೂ ಜಾಗ ಇರಲಿಲ್ಲ. ಕಣ್ಣು ಮೂರನೆಯ ಸಾಲಿಗೆ ಹೋಯಿತು. ಪ್ಯಾಟ್ರಿಷಿಯಾ ನಗುತ್ತಿರಲಿಲ್ಲ. ಅವಳು ಆಮಂತ್ರಣ ಪತ್ರಿಕೆಯನ್ನು ಎರಡಾಗಿ, ಮತ್ತೆ ನಾಲ್ಕಾಗಿ ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಯಾರದೋ ಮಂಡಿ ದಾಟಿ, ಸಾರಿ ಸಾರಿ ಎನ್ನುತ್ತ ಎದ್ದು ಬಂದಳು. ನಗು ಹಿಂದಿನ ಸಾಲುಗಳಲ್ಲಿ ಇನ್ನೂ ನಡೆದಿತ್ತು. ಮೂರು ಮೆಟ್ಟಿಲು ಹತ್ತಿ ಅವನ ಎದುರು ನಿಂತಾಗ ಅವನು ಶಾಲು ತೆಗೆದು ಅವಳಿಗೆ ಹೊದಿಸಲು ಹೋದ.

“ಶಾಲು ಬೇಡ, ಸೆಕೆ,” ಎಂದಳು. “ಅದು ಕೊಡಿ.”

ಅವನು ಗಿಟಾರು ಕೊಟ್ಟ. ಅವಳು ಪಟ್ಟಿಯನ್ನು ನೋಡದೆಯೇ, ಮಾತಾಡುತ್ತ ಜಡೆ ಹಾಕಿಕೊಳ್ಳುವವರ ಹಾಗೆ, ನಾಲ್ಕನೆಯ ತೂತಿನಿಂದ ಬಿಚ್ಚಿ ಒಂದನೆಯ ತೂತಿಗೆ ಸಿಕ್ಕಿಸಿದಳು. ನೊರ್ಬರ್ಟ್ ಆ ತೂತನ್ನೇ ನೋಡಿದ. ಸೆಕೆಗೆ ಕುಗ್ಗಿದ ಚರ್ಮ. ಅವನು ವಾದಿ ಅದಾಯ್‌ಯಲ್ಲಿ ಬೇರಿಂಗು, ಬೆಲ್ಟು, ಬ್ರೇಕ್ ಪ್ಯಾಡು ಎಣಿಸುತ್ತಿದ್ದ ಮಧ್ಯಾಹ್ನಗಳೆಲ್ಲ, ಆ ಅಷ್ಟೂ ವರ್ಷಗಳ ಅಷ್ಟೂ ಮಧ್ಯಾಹ್ನಗಳು, ಹಮ್ರಿಯಾದ ಆ ಹಾಲಿನಲ್ಲಿ ಕಿಟಕಿ ಮುಚ್ಚಿ ಇವಳು. “ವೈರು ಸಡಿಲ ಉಂಟು,” ಎಂದಳು ಮೆಲ್ಲಗೆ, “ಹಿಡ್ಕೊಳ್ಳಿ, ಇಲ್ಲದಿದ್ರೆ ಗೊರಗೊರ ಅಂತದೆ.” ವೈರು ಸಡಿಲ ಇರುವುದು ಅವಳಿಗೆ ಹೇಗೆ ಗೊತ್ತು ಎಂದು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವಳ ಪಕ್ಕದಲ್ಲಿ ಮಂಡಿಯೂರಿ, ಗಿಟಾರಿನ ಬದಿಯ ತೂತಿಗೆ ವೈರಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕೂತ. ಕಿವಿ ಮರದ ಹತ್ತಿರ, ಅವಳ ಸೀರೆಯಿಂದ ಇಸ್ತ್ರಿಯ ವಾಸನೆ.

ಅವಳು ಶುರುಮಾಡಿದಳು. ಮೊದಲನೆಯ ಸಾಲಿಗೇ ಒಂದು ಸ್ವರ ತಪ್ಪಿತು, ಹಿಂದೆ ಯಾರೋ ಕಿಸಕ್ಕೆಂದರು. ಎರಡನೆಯ ಸಾಲಿಗೆ ಕಿಸಕ್ಕೆಂದವನೂ ಸುಮ್ಮನಾದ. ನೊರ್ಬರ್ಟ್‌ನ ಬೆರಳ ತುದಿಯಿಂದ ಮರದ ನಡುಕ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ಏರುತ್ತಿತ್ತು. ಅದು ಹೇಗಿತ್ತು? ಅವನು ಒಳಗೆಲ್ಲ ಹುಡುಕಿದ. ಬಾವಿ, ಸಮುದ್ರ, ಸಿಡಿಲು, ಹತ್ತು ಲಕ್ಷ, ಎಪ್ಪತ್ತು ಡಿಗ್ರಿ, ಜೀವಮಾನದಲ್ಲಿ ಕೂಡಿಟ್ಟ ದೊಡ್ಡ ದೊಡ್ಡ ಸಾಮಾನೆಲ್ಲ ಅಲ್ಲೇ ಇತ್ತು, ಯಾವುದೂ ಇದರ ಅಳತೆಗೆ ಬರಲಿಲ್ಲ, ಎಲ್ಲ ಚಿಕ್ಕದಾಯಿತೋ ಎಲ್ಲ ವಿಪರೀತ ದೊಡ್ಡದಾಯಿತೋ ತಿಳಿಯಲಿಲ್ಲ. ಅವಳು ಸುಮ್ಮನೆ ನುಡಿಸುತ್ತಿದ್ದಳು. ಕಣ್ಣು ಮುಚ್ಚಲಿಲ್ಲ, ತಲೆ ಹಿಂದಕ್ಕೆ ಎಸೆಯಲಿಲ್ಲ, ಹಾಲು ಉಕ್ಕುತ್ತದೋ ಎಂದು ನೋಡುವವರ ಹಾಗೆ ಬೆರಳುಗಳನ್ನು ನೋಡುತ್ತಿದ್ದಳು. ಏರು ಬಂತು. ಕೆಳಗೆ ಮೇಜುಗಳಲ್ಲಿ ಚಮಚಗಳು ಎದ್ದವು, ನೂರು ಕೈ ಗ್ಲಾಸಿನ ಪಕ್ಕ ಗಾಳಿಯಲ್ಲಿ ನಿಂತವು. ಎಲ್ಲರಿಗೂ ಗೊತ್ತಿದ್ದ ಜಾಗ. ಗಿಟಾರು ಉಸಿರು ಕಟ್ಟುವ ಜಾಗ.

ಗಿಟಾರು ಉಸಿರು ಕಟ್ಟಲಿಲ್ಲ. ಅಲ್ಲಿ ಒಂದು ಸ್ವರ ಇತ್ತು. ಅವಳ ಬೆರಳು ತಂತಿಯನ್ನು ಒತ್ತಿ ಮೇಲಕ್ಕೆ ಎಳೆಯಿತು, ಸ್ವರ ತನ್ನ ಜಾಗದಿಂದ ಎದ್ದು ಮೇಲಿನ ಮೆಟ್ಟಿಲಿಗೆ ಕೈ ಚಾಚಿ, ಮುಟ್ಟಿ, ಅಲ್ಲೇ ನಡುಗುತ್ತ ನಿಂತಿತು. ಮೂವತ್ತೊಂದು ವರ್ಷ ಮಂಗಳೂರಿನಿಂದ ಕುವೈತಿನವರೆಗೆ ಯಾರೂ ಕೇಳದ ಸ್ವರ. ಸಾವಿರ ಸಲ ಆ ತುಣುಕನ್ನು ನುಡಿಸಿದ್ದ ನೊರ್ಬರ್ಟ್ ಅಲ್ಲೊಂದು ಸ್ವರ ಇರಬಹುದೆಂದು ಒಂದು ದಿನವೂ ಎಣಿಸಿರಲಿಲ್ಲ. ಕೈ ಎತ್ತಿ ನಿಂತಿದ್ದ, ಜನ ಟಿಣ್ ಅನ್ನಿಸಿದ್ದರು. ಅಲ್ಲೊಂದು ಹೋಯ್ತು ಎಂದಿದ್ದಳು ಅವಳು, ಮಣಿಕಟ್ಟಿನ ರಕ್ತ ಒರೆಸಿಕೊಳ್ಳುತ್ತ. ಬಳೆ ಒಡೆದು ಕೈ ತಪ್ಪಿ ಬಿಟ್ಟುಹೋದದ್ದು ಇದು. ಊರೆಲ್ಲ ಕೊಂಡಾಡಿದ್ದು ಇದು ಇಲ್ಲದ ಖಾಲಿ ಜಾಗವನ್ನು. ಅವಳ ಕಿವಿಯಲ್ಲಿ ಇದು ಆವತ್ತಿನಿಂದ ಇತ್ತು, ಬಂಗುಡೆ ಮಗುಚುವಾಗ, ಗುಂಡಿ ಹಾಕುವಾಗ, ಅವನು ನಲವತ್ತು ಗೆಜ್ಜೆ ಎನ್ನುವಾಗ. ಒಂದು ಚಮಚವೂ ಬೀಳಲಿಲ್ಲ. ಎದ್ದ ಕೈಗಳು ಎದ್ದಲ್ಲೇ ಇದ್ದವು. ಸ್ವರ ಮೆಲ್ಲಗೆ ಇಳಿದು ತುಣುಕಿನ ಉಳಿದ ಭಾಗವನ್ನು ಸೇರಿತು, ಹೋಗಿ ಮುಗಿಯಿತು. ಪ್ಯಾಟ್ರಿಷಿಯಾ ಅಂಗೈಯಿಂದ ತಂತಿಗಳನ್ನು ಮುಚ್ಚಿ, “ಹೀಗೆ,” ಎಂದಳು, ಯಾರಿಗೆಂದು ಇಲ್ಲದೆ.

ಚಪ್ಪಾಳೆ ತಡವಾಗಿ ಬಂತು. ಬಂದದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಜೋಸ್ಟನ್ ಟೈ ಸಡಿಲ ಮಾಡಿಕೊಂಡು ಮೈಕಿನ ಹತ್ತಿರ ಬಂದು, ಅದನ್ನು ಆರಿಸಿ ವಾಪಸು ಹೋದ. ಶೆರ್ಲಿನ್ ವೇದಿಕೆಗೆ ಓಡಿ ಬಂದವಳು ಪ್ಯಾಟ್ರಿಷಿಯಾಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಮಣಿಕಟ್ಟು ತಿರುಗಿಸಿ ನೋಡಿ ಅತ್ತುಬಿಟ್ಟಳು. ಅತ್ತು ಮುಗಿಸಿ ಫೋನು ತೆಗೆದು, “ಆಂಟಿ, ಆ ಖಾಲಿ ಸ್ಲೈಡಿಗೆ ನಿಮ್ಮ ಫುಲ್ ನೇಮ್ ಹೇಳಿ,” ಎಂದಳು. ಬರೆದುಕೊಂಡು ಕೆಳಗೆ ನೋಡಿದಳು. ನೊರ್ಬರ್ಟ್ ಇನ್ನೂ ಮಂಡಿಯೂರಿ ವೈರು ಒತ್ತಿಯೇ ಇದ್ದ. “ಅಂಕಲ್, ನಿಮ್ಮದು ಎಂತ ಬರೀಲಿ?”

“ವೈರು ಹಿಡ್ದದ್ದು,” ಅಂದ ನೊರ್ಬರ್ಟ್.

ಕಾರು ಹಮ್ರಿಯಾದ ತಿರುವಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಗಿಟಾರು, ಅದರ ಪಟ್ಟಿ ಒಂದನೆಯ ತೂತಿನಲ್ಲಿ. ಹಣ್ಣಿನ ಬುಟ್ಟಿ ಪ್ಯಾಟ್ರಿಷಿಯಾಳ ಮಡಿಲಲ್ಲಿ, ಅವಳು ಅದರಿಂದ ಒಂದು ಕಿತ್ತಳೆ ಸುಲಿದು ಎರಡು ತೊಳೆ ಅವನ ಬಾಯಿಗಿಟ್ಟು, ಉಳಿದದ್ದನ್ನು ತಾನು ತಿಂದಳು. ಸಿಗ್ನಲಿನ ಕೆಂಪು ಅವರ ಮುಖದ ಮೇಲೆ ಬಿತ್ತು.

“ಜನ ಎಷ್ಟಿದ್ರು ಮಾರಾಯ್ರೆ?” ಎಂದಳು. “ನಾನು ನೋಡ್ಲೇ ಇಲ್ಲ.”

ನೊರ್ಬರ್ಟ್ ಬಾಯಿ ತೆರೆದ. ಐದು ಸಾವಿರ ನಾಲಿಗೆಯ ತುದಿಗೆ ಬಂದು ನಿಂತಿತು, ಯಾವಾಗಿನ ಹಾಗೆ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ.

“ನೂರ ಹನ್ನೆರಡು,” ಅಂದ. “ಅದರಲ್ಲಿ ಎರಡು ಮಕ್ಕಳು, ನಿದ್ದೆ ಮಾಡ್ತಿದ್ವು.”

ಪ್ಯಾಟ್ರಿಷಿಯಾ ಅವನ ಕಡೆ ತಿರುಗಿದಳು. ಆಮೇಲೆ ಕಿತ್ತಳೆ ಅಂಟಿದ ಬಲಗೈಯನ್ನು ಸೀರೆಗೆ ಒರೆಸಿಕೊಂಡು, ಜ್ವರ ಉಂಟಾ ಎಂದು ಅವನ ಹಣೆ ಮುಟ್ಟಿ ನೋಡಿದಳು. ಅವಳ ಕೈಯ ಎರಡು ಬಳೆ ಅವನ ಕಿವಿಯ ಹತ್ತಿರ ಒಂದಕ್ಕೊಂದು ತಾಗಿದವು.